ಕೆಂಪು ಬಾಲದ ಸಾಕ್ಷಿ

ಆಣೆ ಮಾಡುವುದಿಲ್ಲ ಎಂದುಬಿಟ್ಟಳು ಕರಿಯವ್ವ. ರಾಜೂರಿನ ಕನಕಪ್ಪನ ಕಣದಲ್ಲಿ, ಹತ್ತು ಗಂಡಸರ ಎದುರು, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಹೇಳಿದಳು. ಕೂಲಿಯ ಹೆಂಗಸು ಹಾಗೆಲ್ಲ ಮಾತಾಡಬಹುದೇ ಎಂದು ಕೇಳುವವರು ಕೇಳಿಕೊಳ್ಳಲಿ. ಅವಳು ಮಾತಾಡಿದ್ದಂತೂ ನಿಜ.

ಏಕೀಕರಣವಾದ ಮರುವರ್ಷದ ಬಿಳಿಜೋಳದ ಸುಗ್ಗಿ ಅದು. ಕನಕಪ್ಪನ ಕಣವೆಂದರೆ ಭಾರಿ ಕಟ್ಟುನಿಟ್ಟು. ರಾಶಿಯ ಸುತ್ತ ಬೂದಿಯ ಗೆರೆ ಎಳೆಯುತ್ತಿದ್ದರು. ಕಾಳು ತೂರಿ ಅಳೆದು ಮನೆ ಸೇರುವವರೆಗೆ ಹೆಂಗಸರು ಆ ಗೆರೆ ದಾಟುವಂತಿರಲಿಲ್ಲ. ಹೊರಗೆ ಕೂತು ತೆನೆ ಮುರಿದು ಬುಟ್ಟಿ ತುಂಬಿ ಕೊಡಬೇಕು, ಅಷ್ಟೆ. ದನ ಬಾಯಿ ಹಾಕದಿರಲೆಂದು ಕಣದ ಸುತ್ತ ಜಾಲಿಮುಳ್ಳಿನ ಬೇಲಿ. ಅವತ್ತು ಬೆಳಿಗ್ಗೆ ನೋಡಿದರೆ ಆ ಬೇಲಿಯ ಮುಳ್ಳುಗಳಿಗೆ ಎರಡು ಮಿಡತೆ, ಒಂದು ಓತಿಕ್ಯಾತ, ಇನ್ನೂ ಕಣ್ಣು ಬಿಡದ ಒಂದು ಇಲಿಮರಿ ಚುಚ್ಚಿಕೊಂಡಿದ್ದವು. ಸಾಲಾಗಿ, ರಾಶಿಗೆ ಮುಖ ಮಾಡಿ.

"ಮಾಟ," ಎಂದ ಗೋಣೆಪ್ಪ. ಅವನು ಪಕ್ಕದ ಹೊಲದವ. ಕರೆಯದಿದ್ದರೂ ಬರುವ, ಕೇಳದಿದ್ದರೂ ಹೇಳುವ ಪೈಕಿ. ತೆನೆ ತುಳಿಯುತ್ತಿದ್ದ ಹಂತಿಯ ಎತ್ತುಗಳನ್ನು ಆಗಲೇ ಬಿಚ್ಚಿದರು. ಮಾಡಿದವರು ಒಪ್ಪಿಕೊಳ್ಳುವವರೆಗೆ ರಾಶಿ ಮುಟ್ಟುವಂತಿಲ್ಲ ಎಂದಾಯಿತು. ಮಾಡಿದವರು ಯಾರು? ಅದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಕರಿಯವ್ವ ಬೆಳವಣಕಿ ಯಂಕವ್ವನ ಮಗಳಲ್ಲವೇ?

ಇಪ್ಪತ್ತು ವರ್ಷದ ಹಿಂದೆ ಬೆಳವಣಕಿಯ ಒಂದು ಕಣದಲ್ಲೂ ಹೀಗೇ ಆಗಿತ್ತು. ಯಂಕವ್ವನನ್ನು ಹನುಮಪ್ಪನ ಗುಡಿಯ ಮುಂದೆ ಒದ್ದೆ ಸೀರೆಯಲ್ಲಿ ನಿಲ್ಲಿಸಿ, ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದು ಆಣೆ ಮಾಡಿಸಿದ್ದರು. ಅಂದುಬಿಟ್ಟರೆ ಮುಗಿಯಿತು ಎಂದಿದ್ದರು. ಅಂದಳು. ಮುಗಿಯಲಿಲ್ಲ. ಆಮೇಲೆ ಆ ಊರಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಒಂಬತ್ತು ವರ್ಷದ ಮಗಳ ಕೈ ಹಿಡಿದು ರಾಜೂರಿಗೆ ಬಂದಳು. ಅಂದಿನಿಂದ ಯಂಕವ್ವ ಕಳೆ ತೆಗೆಯಲು ಹೋದಾಳು, ಹತ್ತಿ ಬಿಡಿಸಲು ಹೋದಾಳು, ಕಣ ಕಂಡರೆ ಮಾತ್ರ ಸುತ್ತು ಹಾಕಿ ನಡೆಯುತ್ತಿದ್ದಳು.

"ನಿಮ್ಮವ್ವ ಅಂದಿದ್ಲಲ್ಲ, ನೀನೂ ಅಂದುಬಿಡು," ಎಂದ ಕನಕಪ್ಪ. ಕೆಟ್ಟವನಲ್ಲ, ಅವಸರದವನು. "ತೂರಾಕ ಗಾಳಿ ಚಲೋ ಬಿಟ್ಟೈತಿ. ಗುಡಿ ಮುಂದ ಒಂದು ಮಾತು, ಮುಗೀತು."

"ಆಕಿ ಅಂದ್ಲು. ಏನ್ ಮುಗೀತ್ರಿ? ಇವತ್ತ ಮತ್ತ ನಿಮ್ಮ ಬಾಯಾಗ ಬಂತಲ್ಲ," ಎಂದಳು ಕರಿಯವ್ವ. "ನಾ ಅನ್ನೂದಿಲ್ಲ. ಇದನ್ನ ಮಾಡಿದ್ದು ಹಕ್ಕಿ. ಮಣ್ಣಿನ ಬಣ್ಣ, ಕಣ್ಣಿಗೆ ಕಾಡಿಗಿ ಪಟ್ಟಿ, ಬಾಲ ಕೆಂಪು. ಮೊನ್ನೆ ಈ ಜಾಲಿ ಮ್ಯಾಗ ಕುಂತಿತ್ತು."

ಗೋಣೆಪ್ಪ ನಕ್ಕ. "ಕಳಿಂಗ ಹಕ್ಕಿ ನಮಗೂ ಗೊತ್ತೈತಿ ಬಿಡು. ನಮ್ಮ ಹೊಲದಾಗಿಂದು ಬೂದಿ ಬಣ್ಣದ್ದು, ಬಾಲ ಕಪ್ಪು. ಯಾವಾಗರ ಒಂದು ಮಿಡತಿ ಮುಳ್ಳಿಗೆ ಸಿಗಿಸೀತು. ಕೆಂಪು ಬಾಲದ್ದು ಈ ಸೀಮಿಯಾಗ ಯಾರ್ ಕಂಡಾರ?"

"ನಾ ಕಂಡೀನಿ. ಎರಡು ಸಲ."

ಮೊದಲ ಸಲ ಬೆಳವಣಕಿಯಲ್ಲಿ. ಅವ್ವನ ಒದ್ದೆ ಸೀರೆಯ ಚುಂಗು ಹಿಡಿದುಕೊಂಡು ಹಕ್ಕಿ, ಹಕ್ಕಿ ಎಂದು ಅಂದೂ ಕೂಗಿದ್ದಳು. ಹುಡುಗಿಯ ಮಾತೆಂದು ಒಬ್ಬನೂ ತಲೆ ಎತ್ತಿ ನೋಡಿರಲಿಲ್ಲ. ಆ ಸಿಟ್ಟು ಇಪ್ಪತ್ತು ವರ್ಷವಾದರೂ ಆರಿರಲಿಲ್ಲ.

ಬೇಲಿಗೆ ಬೆಂಕಿ ಇಡಬೇಕೆಂದ ಗೋಣೆಪ್ಪ. ಮಾಟವನ್ನು ಸುಡಬೇಕಂತೆ. ಬೇಲಿ ಸುಟ್ಟರೆ ಹಕ್ಕಿ ಮತ್ತೆಲ್ಲಿ ಬರುತ್ತದೆ? ಕರಿಯವ್ವ ಹೋಗಿ ಮುಳ್ಳಿಗೆ ಬೆನ್ನು ಕೊಟ್ಟು ಕೂತಳು. ಮುಳ್ಳು ಕುಪ್ಪಸ ಹರಿದು ಬೆನ್ನಿಗೆ ನೆಟ್ಟಿತು, ಅವಳು ಅಲುಗಲಿಲ್ಲ.

"ಸುಡ್ರಿ," ಎಂದಳು. "ನನ್ನನ್ನೂ ಕೂಡಿಸಿ ಸುಡ್ರಿ."

ಕನಕಪ್ಪ ಹಣೆ ಒರೆಸಿಕೊಂಡ. "ನಾಳಿ ಮಧ್ಯಾಹ್ನತನಕ ನೋಡ್ತೀನಿ. ಹಕ್ಕಿ ಬರಲಿಲ್ಲಂದ್ರ ಆಣಿ ಮಾಡಬೇಕು, ಇಲ್ಲಾ ಊರು ಬಿಡಬೇಕು."

ಸಂಜೆ ಗುಡಿಸಲಿನಲ್ಲಿ ಮಗಳ ಬೆನ್ನಿನ ಮುಳ್ಳು ತೆಗೆಯುತ್ತ ಯಂಕವ್ವ ಅತ್ತಳು. "ಬಾಯಿಮಾತು ಮಗಳ, ಅಂದುಬಿಡು. ಈ ವಯಸ್ಸಿನ್ಯಾಗ ನಾ ಇನ್ನೊಂದು ಊರಿಗೆ ಎಲ್ಲಿ ಹೋಗ್ಲಿ?"

"ಅಂದ್ರೂ ಹೋಗಬೇಕು, ಅನ್ನದಿದ್ರೂ ಹೋಗಬೇಕು. ಅನ್ನಲಾರದನ ಹೋಗೂಣು. ನಾಳಿ ನೀನೂ ಕಣಕ್ಕ ಬರ್ತಿ."

ಮರುದಿನ ಹೊತ್ತು ಏರುವುದರೊಳಗೆ ಅರ್ಧ ಊರು ಬೇಲಿಯ ಸುತ್ತ ಸೇರಿತ್ತು. ಹಕ್ಕಿ ಬರಲಿಲ್ಲ. ಬರುವುದಾದರೂ ಹೇಗೆ, ಸಂತೆ ನೆರೆದ ಹಾಗೆ ನಿಂತಿದ್ದರಲ್ಲ. ಕರಿಯವ್ವನಿಗೆ ರೇಗಿತು. "ಎಲ್ಲಾರೂ ಬಣಿವಿ ಹಿಂದ ಹೋಗಿ ಕುಂದರ್ರಿ. ಧಣ್ಯಾರ, ನೀವೂ. ಆ ಬಿಳಿ ರುಮಾಲು ಬಿಚ್ಚಿ ಇಡ್ರಿ."

ಕೂಲಿಯವಳ ಮಾತಿಗೆ ಕನಕಪ್ಪ ರುಮಾಲು ಬಿಚ್ಚಿ, ಮೇವಿನ ಬಣವೆಯ ಹಿಂದೆ ಮೊಣಕಾಲೂರಿ ಕೂತ. ಆ ಚೆಂದ ನೋಡಬೇಕಿತ್ತು. ಯಂಕವ್ವ ಗೆರೆಯಿಂದ ದೂರ, ಮುಖಕ್ಕೆ ಸೆರಗು ಮುಚ್ಚಿ ಕೂತಿದ್ದಳು. ಬಿಸಿಲು ನೆತ್ತಿಗೆ ಬಂತು. ಕನಕಪ್ಪ ಎದ್ದು ಇನ್ನೇನು ಬಾಯಿ ತೆರೆಯಬೇಕು, ಕರಿಯವ್ವ ಅವನ ಧೋತರ ಹಿಡಿದು ಜಗ್ಗಿ ಕೂರಿಸಿದಳು.

ಹಕ್ಕಿ ಬಂದಿತ್ತು. ಕೊಕ್ಕಿನಲ್ಲಿ ಓತಿಕ್ಯಾತದ ಮರಿ. ಬೇಲಿಯ ತುದಿಗೆ ಕೂತು, ಎರಡು ಮುಳ್ಳು ಬಿಟ್ಟು ಮೂರನೆಯದನ್ನು ಆರಿಸಿ, ಮರಿಯನ್ನು ಎಳೆದು ಎಳೆದು ಚುಚ್ಚಿತು. ತಿರುಗಿ ಕೂತಾಗ ಬಾಲದ ಮೇಲೆ ಬಿಸಿಲು ಬಿತ್ತು. ಹೊಸ ಮಡಕೆಯ ಕೆಂಪು. ಅಂಥ ಬಾಲವನ್ನು ಅಲ್ಲಿದ್ದ ಯಾವ ಮುದುಕನೂ ಕಂಡಿರಲಿಲ್ಲ.

ಕನಕಪ್ಪ ಎದ್ದು ಧೂಳು ಕೊಡವಿಕೊಂಡ. ಹಕ್ಕಿ ಹಾರಿ ಪಕ್ಕದ ಜಾಲಿಮರಕ್ಕೆ ಹೋಯಿತು. "ಆತು, ಹಂತಿ ಹೂಡ್ರಿ. ಕರಿಯವ್ವ, ಬುಟ್ಟಿ ತಗೋ."

"ತಗೊಳ್ಳೂದಿಲ್ರಿ. ಮೊದಲ ನಮ್ಮವ್ವಗ ಒಂದು ಮಾತು ಹೇಳ್ರಿ."

"ಬೆಳವಣಕಿಯವರು ಮಾಡಿದ್ದಕ್ಕ ನಾ ಏನ್ ಹೇಳ್ಲಿ?"

"ಅವರು ಒಂದು ಸಲ ಮಾಡಿದ್ರು. ನಿನ್ನೆ ನೀವು ಮತ್ತ ಮಾಡಿದ್ರಿ. ಎಲ್ಲಾರ ಮುಂದ ಅಂದ್ರಿ, ಎಲ್ಲಾರ ಮುಂದ ಹೇಳ್ರಿ."

ಗಾಳಿ ಬೀಸುತ್ತಲೇ ಇತ್ತು. ಕನಕಪ್ಪ ರಾಶಿ ನೋಡಿದ, ಜನರನ್ನು ನೋಡಿದ, ಕೊನೆಗೆ ಯಂಕವ್ವನ ಕಡೆ ತಿರುಗಿದ. "ನಿಂದೇನೂ ತಪ್ಪಿಲ್ಲ ಬೇ ಯಂಕವ್ವ. ಆವತ್ತೂ ಇರಲಿಲ್ಲ, ಇವತ್ತೂ ಇಲ್ಲ."

ಯಂಕವ್ವ ಮುಖದ ಸೆರಗು ಸರಿಸಿ ಎದ್ದು, ಜಾಲಿಯ ಮೇಲಿದ್ದ ಹಕ್ಕಿಯನ್ನು ಬಹಳ ಹೊತ್ತು ನೋಡಿದಳು.

"ಇಪ್ಪತ್ತು ವರ್ಷ ಎಲ್ಲಿ ಸತ್ತಿದ್ದಿ ಭಾಡ್ಯಾ?" ಎಂದು ಬೈದಳು.

ಆಮೇಲೆ ಅಲ್ಲಿದ್ದ ಮೊರ ಎತ್ತಿಕೊಂಡು, ಬೂದಿಯ ಗೆರೆಯನ್ನು ತುಳಿದುಕೊಂಡೇ ಹೋಗಿ ರಾಶಿಯ ಬುಡದಲ್ಲಿ ಕೂತಳು. ಹೆಂಗಸರು ದಾಟಬಾರದೆಂದು ಹೇಳಲು ಗೋಣೆಪ್ಪ ಬಾಯಿ ತೆರೆದ. ಕರಿಯವ್ವ ಅವನನ್ನೇ ನೋಡುತ್ತ ತಾನೂ ಗೆರೆ ದಾಟಿದಳು.