ಅಂಬಣ್ಣನ ಬೆರಳಿನ ರಕ್ತ

ಗಬ್ಬೂರಿನ ಅಂಬಣ್ಣ ರಾಯಚೂರಿನ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷಿಸುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿ, ಉರ್ದು ಸಾಲೆ ಓದಿ ಮೇಲೆ ಬಂದವನು. ಸೂಕ್ಷ್ಮದರ್ಶಕದಲ್ಲಿ ಬಿಳಿ ರಕ್ತಕಣ ಎಣಿಸುವುದರಲ್ಲಿ ಅವನು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

೧೯೪೬ರ ಚಳಿಗಾಲದಲ್ಲಿ ಮಾನ್ವಿಯಿಂದ ಹೀರಾಬಿ ಎಂಬ ಹೆಂಗಸು ಜ್ವರ, ಪಕ್ಕೆನೋವು ಎಂದು ಬಂದಳು. ಅವಳ ಬಿಳಿ ಕಣಗಳು ಇಪ್ಪತ್ತಾರು ಸಾವಿರ ಬಂದವು. ಗಟ್ಟಿಮುಟ್ಟಾಗಿರುವವರಲ್ಲಿ ಅವು ಹತ್ತು ಸಾವಿರದೊಳಗೇ ಇರುತ್ತವೆ. ರಕ್ತಕ್ಕೆ ಬೆರೆಸುವ ದ್ರಾವಣವೇ ಕೆಟ್ಟಿರಬಹುದೆಂದು ಡಾಕ್ಟರಿಗೆ ಅನುಮಾನ. ಜಡ್ಡಿಲ್ಲದ ಯಾರದಾದರೂ ರಕ್ತ ಎಣಿಸಿ ನೋಡೆಂದರು. ಅಂಬಣ್ಣ ತನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡ.

ಕಣ್ಣಿಟ್ಟರೆ ಎಣಿಕೆಗೆಂದು ಗಾಜಿನ ಮೇಲೆ ಕೊರೆದ ಗೆರೆಗಳೇ ಕಾಣಲಿಲ್ಲ. ಜೋಳ ಸುರುವಿದಂತೆ ಬರೀ ಬಿಳಿ ಕಣಗಳು. ಹೊಸ ದ್ರಾವಣ ಮಾಡಿ ಇನ್ನೊಂದು ಬೆರಳು ಚುಚ್ಚಿದ. ಹಾಗೆಯೇ ಇತ್ತು. ಹೀರಾಬಿಯದನ್ನು ಮತ್ತೆ ಎಣಿಸಿದ. ಅದು ಇಪ್ಪತ್ತಾರು ಸಾವಿರವೇ. ತನ್ನದು ಎರಡು ಲಕ್ಷ ನಲವತ್ತು ಸಾವಿರ. ಅಂಕಿ ಬರೆದ ಚೀಟಿಯನ್ನು ಡಾಕ್ಟರ ಮುಂದಿಟ್ಟು, ಹೆಸರು ಹೇಳದೆ ನಿಂತ.

"ಇದು ಯಾರ್ದು?" ಎಂದರು ಡಾಕ್ಟರು.

"ನಂದರೀ ಸಾಹೇಬ್ರ."

ಡಾಕ್ಟರು ಅವನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಎಡಪಕ್ಕೆಯ ಕೆಳಗಿನಿಂದ ಹೊಕ್ಕುಳದವರೆಗೆ ಗಟ್ಟಿಯಾದ ಗಡ್ಡೆ ಕೈಗೆ ಹತ್ತಿತು. ಗುಲ್ಮವೇ ಹಾಗೆ ಊದಿಕೊಂಡಿತ್ತು. ಮಲೇರಿಯಾದಲ್ಲೂ ಗುಲ್ಮ ಊದುತ್ತದೆ, ಅದೇ ಇರಲಿ ಎಂದು ಅಂಬಣ್ಣ ಒಳಗೇ ಬೇಡಿಕೊಂಡ. ಡಾಕ್ಟರು ತಾವೇ ಅವನ ರಕ್ತಕ್ಕೆ ಬಣ್ಣ ಹಾಕಿ ನೋಡಿದರು. ಮಲೇರಿಯಾದ ಸುಳಿವಿರಲಿಲ್ಲ. ಇನ್ನೂ ಬಲಿಯದ ಕಣಗಳು ಕಿಕ್ಕಿರಿದಿದ್ದವು.

ಅವರು ಮುಚ್ಚಿಡಲಿಲ್ಲ. ಹೀರಾಬಿಯ ಕಣಗಳು ಎದೆಯ ಸೋಂಕಿನ ಮೇಲೆ ಕಾದಾಡಲು ಹೆಚ್ಚಿದವು, ಜ್ವರ ಬಿಟ್ಟ ಮೇಲೆ ಇಳಿಯುತ್ತವೆ. ಅಂಬಣ್ಣನವು ಕಾರಣವಿಲ್ಲದೆ ಹುಟ್ಟುತ್ತಲೇ ಇವೆ. ಇದು ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ಹೈದರಾಬಾದಿನಲ್ಲಿ ಗುಲ್ಮದ ಮೇಲೆ ಎಕ್ಸರೇ ಕಿರಣ ಹಾಯಿಸಿ ಚಿಕಿತ್ಸೆ ಕೊಟ್ಟರೆ ಕೆಲವು ವರ್ಷ ತಡೆಯಬಹುದು, ಬೇರು ಕೀಳಲಾಗದು ಎಂದರು. ಅಂಬಣ್ಣ ಎಲ್ಲಕ್ಕೂ ತಲೆಯಾಡಿಸಿದ. ಹೊರಗೆ ಬಂದಾಗ ಯಾವ ಬಾಗಿಲಿನಿಂದ ಬಂದೆನೆಂಬುದೂ ಅವನಿಗೆ ತಿಳಿಯಲಿಲ್ಲ.

ಮರುದಿನ ಗಬ್ಬೂರಿಗೆ ಹೋಗಿ ಹೆಂಡತಿ ಸೂಗಮ್ಮನಿಗೆ ಹೇಳಿದ. ಆರು ತಿಂಗಳಿಂದ ಗಂಡ ಊರಿಗೆ ಬಂದಾಗಲೆಲ್ಲ ಒಂದು ರೊಟ್ಟಿಗೇ ಹೊಟ್ಟೆ ತುಂಬಿತೆಂದು ಏಳುವುದನ್ನು ಅವಳು ಕಂಡಿದ್ದಳು. ತನ್ನ ಅಡುಗೆ ಸೇರುತ್ತಿಲ್ಲವೆಂದು ಒಳಗೇ ನೊಂದಿದ್ದಳು. ಊದಿದ ಗುಲ್ಮ ಹೊಟ್ಟೆಯನ್ನು ಒತ್ತುತ್ತಿತ್ತೆಂದು ಈಗ ತಿಳಿದು, ಅವನ ಕಡೆ ತಿರುಗಿ ಕೇಳಿದಳು.

"ಊರ ಮಂದಿ ರಕ್ತ ನೋಡಾಂವ, ನಿಂದು ಒಮ್ಮೆರ ನೋಡ್ಕೋಬೇಕಂತ ಅನಸಲಿಲ್ಲೇನು?"

"ನಂಗೇನಾಗ್ತದ ಅಂದ್ಕೊಂಡಿದ್ದೆ," ಎಂದ ಅಂಬಣ್ಣ.

ಅವನನ್ನು ಹೈದರಾಬಾದಿಗೆ ಕರೆದೊಯ್ದವಳು ಅವಳೇ. ಎಕ್ಸರೇ ಕೊಟ್ಟ ಎರಡು ತಿಂಗಳಿಗೆ ಗಡ್ಡೆ ಕರಗಿ, ಎಣಿಕೆ ಹನ್ನೆರಡು ಸಾವಿರಕ್ಕೆ ಇಳಿಯಿತು. ಅಂಬಣ್ಣ ಮತ್ತೆ ಕೆಲಸಕ್ಕೆ ಹೋದ. ಸೂಗಮ್ಮ ಈ ಸಲ ಊರಲ್ಲಿ ಉಳಿಯಲಿಲ್ಲ, ರಾಯಚೂರಿನಲ್ಲೇ ಕೋಣೆ ಹಿಡಿದು ಜೊತೆಗಿದ್ದಳು. ಮೂರನೆಯ ವರ್ಷ ಕಣಗಳು ಮತ್ತೆ ಏರಿದವು, ಎಕ್ಸರೇಗೂ ಬಗ್ಗಲಿಲ್ಲ. ೧೯೪೯ರ ಬೇಸಿಗೆಯ ಒಂದು ಮುಂಜಾನೆ, ಅವಳು ನೀರು ತರಲು ಎದ್ದಾಗ, ಅಂಬಣ್ಣ ಮಗ್ಗುಲು ಬದಲಿಸದೆ ಮಲಗಿಯೇ ಇದ್ದ; ಉಸಿರು ನಿಂತಿತ್ತು.