ಹೊಗೆ ನಿಂತ ಹದಿನಾಲ್ಕು ದಿನ

ಅವತ್ತು ಮುಂಜಾನೆ ರಾಮಸಮುದ್ರದಲ್ಲಿ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಜಿಟಿಜಿಟಿ ಮಳೆ ಆಗಷ್ಟೇ ಬಿಟ್ಟಿತ್ತು. ಕಾಲುವೆ ದಂಡೆಯ ಕೆಸರಿನಿಂದ ಎದ್ದ ಸೊಳ್ಳೆ, ನೊಣ ಕೊಟ್ಟಿಗೆಯ ತುಂಬ ಗುಂಯ್‌ಗುಡುತ್ತಿದ್ದವು. ಶೇಖಮ್ಮ ಸಗಣಿ ಕುಳ್ಳಿನ ಕೆಂಡದ ಮೇಲೆ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಿ, ತನ್ನ ಎತ್ತಿನ ಮೈಮೇಲೆ ಕೈಯಾಡಿಸಿದಳು. ಗಂಟುಗಳೆಲ್ಲ ಒಣಗಿ ಕಲೆಯಾಗಿದ್ದವು. ಪಕ್ಕದ ಗೂಟ ಖಾಲಿ.

ಆ ಗೂಟ ದುರಗಪ್ಪನ ಎತ್ತಿನದು. ಗೋಡೆಯಾಚೆಯ ಮನೆಯವನು, ಒಡಹುಟ್ಟದಿದ್ದರೂ ತಮ್ಮನಂಥವನು. ಇಬ್ಬರಿಗೂ ಒಂದೊಂದೇ ಎತ್ತು. ಒಂದೇ ಕೊಟ್ಟಿಗೆಯಲ್ಲಿ ಕಟ್ಟಿ, ಒಂದೇ ನೊಗಕ್ಕೆ ಹೂಡಿ, ಮುಯ್ಯಿಗೆ ಮುಯ್ಯಿ ಎಂದು ಇವರ ಹೊಲ ಅವರು, ಅವರ ಹೊಲ ಇವರು ಹರಗಿಕೊಳ್ಳುತ್ತಿದ್ದರು. ಈ ಸಲ ಶೇಖಮ್ಮನ ಹೊಲ ಮುಗಿದಿತ್ತು. ದುರಗಪ್ಪನ ಪಾಳಿ ಬರುವಷ್ಟರಲ್ಲಿ ಅವಳ ಎತ್ತಿನ ಮೈತುಂಬ ಗಂಟು ಎದ್ದವು.

“ಅಮ್ಮ ಬಂದಾಳ,” ಎಂದು ಶೇಖಮ್ಮ ಸಿಡುಬಿನ ದೇವಿಗೆ ಕೈಮುಗಿದಿದ್ದಳು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಘಾಟು ಏಳುವಂತಿಲ್ಲ. ಹಾಗಾದರೆ ಕೊಟ್ಟಿಗೆಗೂ ಹೊಗೆ ಬೇಡವೆಂದು, ಅತ್ತೆಯ ಕಾಲದಿಂದ ದಿನವೂ ಹಾಕುತ್ತಿದ್ದ ಹೊಗೆಯನ್ನು ತಾನೇ ನಿಲ್ಲಿಸಿದಳು.

“ಅಕ್ಕ, ನೊಣ ಭಾಳ ಆಗ್ಯಾವ. ಒಂದೀಟು ಹೊಗಿ ಹಾಕಲೇನು? ಡಾಕ್ಟರ್‌ನ ಕರಸೂಣೇನು?” ಎಂದಿದ್ದ ದುರಗಪ್ಪ.

“ಅಮ್ಮಗ ಸೂಜಿ ಚುಚ್ಚಸಾಂವ, ಭಾಳ ಶಾಣ್ಯಾ ಅದಿ. ಬಾಯಾಗ ಬೇವಿನ ತಪ್ಪಲ ತುರಕ್ತೀನಿ ನೋಡು.”

ಅವನು ನಕ್ಕುಬಿಟ್ಟ. ತನ್ನ ಎತ್ತನ್ನಾದರೂ ಬೇರೆ ಕಡೆ ಕಟ್ಟಬಹುದಿತ್ತು; ಅಕ್ಕ ನೊಂದುಕೊಂಡಾಳೆಂದು ಕಟ್ಟಲಿಲ್ಲ. ಅವಳ ಎತ್ತು ಚೇತರಿಸಿಕೊಳ್ಳುವಾಗ ಅವನ ಎತ್ತಿಗೆ ಗಂಟು ಎದ್ದವು. ಅದು ಮೇವು ಬಿಟ್ಟಿತು, ಮಲಗಿತು, ಮತ್ತೆ ಏಳಲಿಲ್ಲ.

ಬಿಸಿಲೇರುವ ಮುಂಚೆ ದನದ ಡಾಕ್ಟರ್ ಚಂದ್ರಕಲಾ ಕಾಗದ ಹಿಡಿದು ಬಂದರು. ಚರ್ಮಗಂಟು ರೋಗ ಎಷ್ಟು ದನಕ್ಕೆ ಬಂತು, ಯಾಕೆ ಬಂತು ಎಂದು ಮನೆಮನೆಗೆ ಕೇಳಿ ಬರೆದುಕೊಳ್ಳುತ್ತಿದ್ದರು. ದುರಗಪ್ಪನೂ ಬಂದು ನಿಂತ.

“ಈ ಓಣ್ಯಾಗ ಇಪ್ಪತ್ತಾರು ದನದಾಗ ಹನ್ನೊಂದಕ್ಕ ಬಂದದರಿ. ಕಾಲುವಿ ಕಡಿ ಮನಿಗೇ ಜಾಸ್ತಿ. ಕಚ್ಚೋ ನೊಣ, ಸೊಳ್ಳಿ ಇದನ್ನ ಒಂದರಿಂದ ಒಂದಕ್ಕ ಒಯ್ತಾವ. ನೀವು ಹೊಗಿ ಹಾಕ್ತಿದ್ರೇನಮ್ಮ?”

ಶೇಖಮ್ಮ ಹೊಗೆಯಾಡುತ್ತಿದ್ದ ಕುಳ್ಳನ್ನು ಕೆದಕಿದಳು.

“ದಿನಾ ಹಾಕ್ತಿದ್ದಳ್ರಿ,” ಎಂದ ದುರಗಪ್ಪ, ಖಾಲಿ ಗೂಟದ ಕಡೆ ನೋಡದೆ. “ನಮ್ಮಕ್ಕನ ಹೊಗಿಗಿ ನಮ್ಮ ಮನ್ಯಾಗ ಕಣ್ಣು ಬಿಡಾಕ ಆಗ್ತಿದ್ದಿಲ್ಲ.”

ಡಾಕ್ಟರು ಪೆನ್ನು ಊರಿದರು.

“ಇಲ್ಲ ತಾಯಿ,” ಎಂದಳು ಶೇಖಮ್ಮ. “ಹದಿನಾಕು ದಿನ ಹಾಕಿದ್ದಿಲ್ಲ. ಹಂಗೇ ಬರಕೋರಿ. ಅಮ್ಮ ಬ್ಯಾಡ ಅಂದಿದ್ದಿಲ್ಲ. ಅಕಿ ಹೆಸರಿಲೆ ನಾನೇ ಬ್ಯಾಡ ಅಂದೆ.”

ಡಾಕ್ಟರು ಹೋದ ಮೇಲೂ ದುರಗಪ್ಪ ಅಲ್ಲೇ ನಿಂತಿದ್ದ. ಶೇಖಮ್ಮ ಗೂಟದಿಂದ ತನ್ನ ಎತ್ತಿನ ಹಗ್ಗ ಬಿಚ್ಚಿದಳು.

“ನಿನ್ನ ಮುಯ್ಯಿ ಉಳದದ.”

“ಒಂದೆತ್ತಿಲೆ ಹೊಲ ಹರಗಾಕ ಬರ್ತದೇನಕ್ಕ?”

“ಜೋಡಿ ನೀ ಹುಡಿಕ್ಕೋ. ಇದು ಇನ್ನ ನಿಂದು.”

ಹಗ್ಗವನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.