ಎರಡು ಪಿನ್ನು ಹೆಚ್ಚಿಗೆ

ತಮ್ಮನ ಬೆನ್ನಿಗೆ ನಂಬರು ಚುಚ್ಚುವ ಕೆಲಸ ಮೊದಲಿನಿಂದಲೂ ನನ್ನದು. ಈ ವರ್ಷ ಅವನು ಎರಡು ದೊಡ್ಡ ಸೈಕಲ್ ರೇಸು ಗೆದ್ದಾಗಲೂ ಪಿನ್ನು ಹಾಕಿದ್ದು ನಾನೇ. ಇವತ್ತಿನದೂ ಗೆದ್ದರೆ ಒಂದೇ ಸೀಸನ್ನಿನಲ್ಲಿ ಮೂರು. ಹಾಗಾಗಿ ಬೆಳಿಗ್ಗೆ, ಗಾಳಿಗೆ ನಂಬರು ಪಟಪಟ ಅನ್ನದಿರಲೆಂದು ಎರಡು ಪಿನ್ನು ಹೆಚ್ಚಿಗೆ ಹಾಕಿದೆ. ನನಗೆ ಜಾಣತನ ಯಾವಾಗಲೂ ಸ್ವಲ್ಪ ಜಾಸ್ತಿ.

ಗೆಲುವಿನ ಗೆರೆಯ ಹತ್ತಿರ, ದೊಡ್ಡ ಪರದೆಯ ಮುಂದೆ ಕೋಚ್ ಜೊತೆ ನಿಂತಿದ್ದೆ. ಪರದೆಯಲ್ಲಿ ನನ್ನ ತಮ್ಮ ಸೈಕಲ್ ತುಳಿಯುತ್ತಲೇ ಒಂದು ಕೈಯನ್ನು ಅಂಗಿಯ ಬೆನ್ನಿನ ಜೇಬಿಗೆ ಹಾಕಲು ಹೋದ. ತಡಕಾಡಿದ. ಬರಿಗೈಯಲ್ಲಿ ವಾಪಸ್ಸು ತಂದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ.

ಆಗ ನನಗೆ ಹೊಳೆಯಿತು. ಆ ಎರಡು ಪಿನ್ನು ಜೇಬಿನ ಬಾಯಿಯನ್ನೂ ಸೇರಿಸಿ ಚುಚ್ಚಿದ್ದವು. ತಿನ್ನುವುದೆಲ್ಲ ಒಳಗಿತ್ತು.

"ಹಿಂದೆ ಬರೋ ನಮ್ಮ ಕಾರಿಂದ ತಿನ್ನಕ್ಕೆ ಏನಾದ್ರೂ ಕೊಡಕ್ಕಾಗಲ್ವಾ?"

"ಕೊನೇ ಹಂತದಲ್ಲಿ ಹೊರಗಿನವರು ಕೊಡೋ ಹಾಗಿಲ್ಲ," ಅಂದರು ಕೋಚ್. "ಕೊಟ್ರೆ ರೇಸಿಂದ ಹೊರಗೆ."

"ತಿನ್ನದಿದ್ರೆ?"

"ಕೊನೇ ಏರಲ್ಲಿ ಕಾಲು ಕೈಕೊಡುತ್ತೆ."

ಕಾಲು ಕೈಕೊಡುವುದಂತೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಹೊಟ್ಟೆ ನೋಡಿಕೊಳ್ಳಬೇಕಾದ ಅಕ್ಕನೇ ತಮ್ಮನ ಊಟಕ್ಕೆ ಬೀಗ ಹಾಕಿದ್ದೆ.

ಕೊನೆಯ ಏರಿನಲ್ಲಿ ಎಲ್ಲರಿಗಿಂತ ಮುಂದೆ ಉಳಿದವರು ಇಬ್ಬರೇ: ತಮ್ಮ, ಮತ್ತೆ ಉದ್ದ ಮೂಗಿನವನು. ಹಿಂದಿನ ಎರಡು ರೇಸಿನಲ್ಲೂ ತಮ್ಮನ ಹಿಂದೆ ಎರಡನೆಯವನಾಗಿ ಬಂದವನು. ಇವತ್ತು ಸೇಡು ತೀರಿಸಿಕೊಳ್ಳುತ್ತಾನೆ ಅಂದುಕೊಂಡೆ. ವರ್ಷವಿಡೀ ಅವನ ಟಯರು ಪಂಕ್ಚರಾಗಲಿ ಎಂದು ಹರಸಿದವಳು ನಾನು. ಪರದೆಯಲ್ಲಿ ಮರಗಳು ಬಂದವು, ಆಮೇಲೆ ಹಿಂದಿನ ಗುಂಪು ಬಂತು. ನನಗೆ ಬೇಕಾದ್ದೊಂದನ್ನು ಬಿಟ್ಟು ಎಲ್ಲ ತೋರಿಸಿದರು.

ಕೊನೆಗೆ ಇಬ್ಬರೂ ತಿರುವಿನಲ್ಲಿ ಒಟ್ಟಿಗೇ ಕಾಣಿಸಿಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಕೋಚ್ ನನ್ನ ಭುಜ ಹಿಡಿದು ಅಲ್ಲಾಡಿಸಿದಾಗಲೇ ಗೊತ್ತಾದದ್ದು, ಅರ್ಧ ಚಕ್ರದಷ್ಟು ಅಂತರದಲ್ಲಿ ತಮ್ಮ ಗೆದ್ದಿದ್ದ.

ಅವನು ಬೇಲಿಗೆ ಒರಗಿ ನೆಲದಲ್ಲೇ ಕೂತಿದ್ದ. ಅವನನ್ನು ಮುಂದಕ್ಕೆ ಬಾಗಿಸಿ ಪಿನ್ನು ಬಿಚ್ಚಿದೆ. ಜೇಬಿನಲ್ಲಿ ತಿಂಡಿ ಇಟ್ಟ ಹಾಗೇ ಇತ್ತು.

"ಹರಿದು ತಗೋಬಾರದಿತ್ತೇನೋ?"

"ಎಳೆದೆ ಅಕ್ಕ. ನೀನು ಚುಚ್ಚಿದ್ದು ಬರುತ್ತಾ?"

"ಮತ್ತೆ ಏನು ತಿಂದೆ?"

ಅವನು ಗದ್ದ ಎತ್ತಿ ರಸ್ತೆಯಾಚೆ ತೋರಿಸಿದ. "ಅವನ ಹತ್ರ ಕೇಳ್ದೆ. ಇದ್ದಿದ್ರಲ್ಲಿ ಅರ್ಧ ಮುರಿದು ಕೊಟ್ಟ."

ಉದ್ದ ಮೂಗಿನವನು ಒಬ್ಬನೇ ನಿಂತು, ಬೆನ್ನ ಹಿಂದೆ ಕೈ ತಿರುಚಿ ತನ್ನ ನಂಬರು ಬಿಚ್ಚಲು ಹೆಣಗುತ್ತಿದ್ದ. ನಾನು ಹೋಗಿ ಒಂದೊಂದೇ ಪಿನ್ನು ತೆಗೆದೆ. ಅವನ ಜೇಬು ಖಾಲಿಯಾಗಿತ್ತು.